ನಡಾವಳಿ ಪುಸ್ತಕದ ಅಂಚಿನಲ್ಲಿ

ಪಟ್ಟಣದಿಂದ ಬಂದ ತರಬೇತಿದಾರ
ಗೋಡೆಗೆ ಬಣ್ಣದ ಚೀಟಿ ಅಂಟಿಸಿ ಕೇಳಿದ:
ನಿಮ್ಮ ಸಂಘದ ಮೌಲ್ಯಗಳೇನು? ಒಂದೊಂದೇ ಪದ, ಸಾಕು.

ನಾವು, ಚಿಲೊಯೆ ದ್ವೀಪದ ಮುಳುಗುಗಾರರು,
ದೋಣಿಯವರು, ಚಿಪ್ಪು ಬಿಡಿಸುವ ಹೆಂಗಸರು,
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಪ್ರಾಮಾಣಿಕತೆ, ಅಂದರು ಯಾರೋ. ಅದು ಹಳದಿ ಚೀಟಿಗೆ ಹೋಯಿತು.
ಗೌರವ, ಅದು ಹಸಿರಿಗೆ.
ಒಗ್ಗಟ್ಟು ಎಂದಾಗ ಹಿಂದಿನ ಸಾಲು ನಕ್ಕಿತು;
ಆ ವಾರವಷ್ಟೇ ಒಂದು ಹಗ್ಗಕ್ಕಾಗಿ ಹೊಡೆದಾಟವಾಗಿತ್ತು.
ಕಾರ್ಯದರ್ಶಿ ನಾನು. ನಗುವನ್ನು ಬರೆದುಕೊಳ್ಳಲಿಲ್ಲ.

ಎಡುವಿನಾ ಲೆಪಿಯೊ, ಎಪ್ಪತ್ತೊಂದು ವರ್ಷ,
ಚಾಕು ಒರೆಸುತ್ತ ಕೇಳಿದಳು:
"ಇದನ್ನು ಮುರಿದವನಿಗೆ ಏನು?"
ತರಬೇತಿದಾರನ ಬಳಿ ಅದಕ್ಕೆ ಚೀಟಿ ಇರಲಿಲ್ಲ.

ಆಗ ಎದ್ದವನು ಬೆಲಾರ್ಮಿನೊ.
ಅವನಷ್ಟು ಆಳಕ್ಕೆ ಇಳಿಯುವವರು ನಮ್ಮಲ್ಲಿ ಇಲ್ಲ.
"ಹತ್ತು ಸೆಂಟಿಮೀಟರಿಗೆ ಕಡಿಮೆಯ ಲೋಕೊ ಚಿಪ್ಪು
ಯಾರ ಬುಟ್ಟಿಯಲ್ಲಿ ಸಿಕ್ಕರೂ
ಅವರಿಗೆ ಆ ವರ್ಷ ದೋಣಿ ಇಲ್ಲ. ಬರೆದುಕೊ."
ಬರೆದುಕೊಂಡೆ.

ಎರಡು ವರ್ಷ ಯಾರೂ ಆ ಪುಟ ತೆರೆಯಲಿಲ್ಲ.
ಚೀಟಿಗಳು ತೇವಕ್ಕೆ ಒಂದೊಂದಾಗಿ ಉದುರಿದವು.
ಗೌರವ ಒಲೆಯ ಹಿಂದೆ ಬಿತ್ತು, ಈಗಲೂ ಅಲ್ಲೇ ಇರಬೇಕು.

ಆಮೇಲೆ ಒಂದು ಮಂಗಳವಾರ, ಇಳಿತದ ಹೊತ್ತು,
ಬೆಲಾರ್ಮಿನೊನ ಬುಟ್ಟಿಯ ತಳದಲ್ಲಿ ಒಂಬತ್ತು ಸಣ್ಣವು.
ಅಳೆಯುವ ಸರದಿ ಅವನ ತಂಗಿಯ ಮಗಳು ಯೊಸೆಲಿನಳದು.
ಹಿತ್ತಾಳೆಯ ಅಳತೆಪಟ್ಟಿಯಲ್ಲಿ ಇಟ್ಟಳು,
ಅತ್ತ ಹೊರಳಿಸಿದಳು, ಇತ್ತ ಹೊರಳಿಸಿದಳು,
ಉಸಿರು ಹಿಡಿದು ಮತ್ತೊಮ್ಮೆ ಇಟ್ಟಳು,
ಕೈಯಲ್ಲೇ ಎರಡು ಕೂದಲೆಳೆಯಷ್ಟು ಬೆಳೆದೀತೇನೋ ಎಂಬ ಹಾಗೆ.
ಚಿಪ್ಪು ಬೆಳೆಯಲಿಲ್ಲ.
"ಒಂಬತ್ತೂ," ಅಂದಳು. ಅಷ್ಟೇ.

ಸಭೆ ರಾತ್ರಿ ಹನ್ನೊಂದರವರೆಗೆ.
ಹೆಂಡತಿಯ ಔಷಧಿ, ಅಂದರು. ನಿಜ.
ಕೊಳ್ಳುವವನು ಸಣ್ಣದಕ್ಕೂ ದುಡ್ಡು ಕೊಡುತ್ತಾನೆ, ಅಂದರು. ಅದೂ ನಿಜ.
ನನ್ನ ತಮ್ಮನ ಗಾಳಿಕೊಳವೆ ಬಂಡೆಗೆ ಸಿಕ್ಕಿಕೊಂಡ ದಿನ
ಕೆಳಗಿಳಿದು ಬಿಡಿಸಿ ತಂದವನು ಅವನೇ;
ಅದನ್ನು ಯಾರೂ ಹೇಳಲಿಲ್ಲ, ನಾನೂ.
ಅಷ್ಟು ಹೊತ್ತೂ ಅವನು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು
ನೆಲ ನೋಡುತ್ತಿದ್ದ. ಒಮ್ಮೆ ಮಾತ್ರ ನನ್ನತ್ತ,
ಎಷ್ಟನೆಯ ಪುಟ, ಎಂದು ಕೇಳುವವನಂತೆ.

ಪರ ಹದಿನಾಲ್ಕು. ವಿರೋಧ ಹನ್ನೆರಡು.
ನನ್ನ ಕೈ ಯಾವ ಎಣಿಕೆಯಲ್ಲಿತ್ತೆಂದು
ಮನೆಯಲ್ಲಿ ಇನ್ನೂ ಹೇಳಿಲ್ಲ.

ಆ ತರಬೇತಿದಾರ ಮತ್ತೆ ಬಂದರೆ ಕೇಳಬೇಕು:
ಮೌಲ್ಯ ಅನ್ನುವುದಕ್ಕೂ ಬೆಲೆ ಅನ್ನುವುದಕ್ಕೂ
ನೀವು ಎಲ್ಲಿ ಗೆರೆ ಎಳೆಯುತ್ತೀರಿ?
ನಾನು ಎಳೆದದ್ದು ಅವನ ಹೆಸರಿನ ಮೇಲೆ, ದೋಣಿಯ ಪಟ್ಟಿಯಲ್ಲಿ.

ಸಭಾಮನೆಯ ಒಲೆಗೆ ಸೌದೆ ತರುವ ಸರದಿಯ ಪಟ್ಟಿ ಬೇರೆ.
ಅದರಿಂದ ತೆಗೆಯೆಂದು ಯಾರೂ ಹೇಳಲಿಲ್ಲ,
ನಾನು ಕೇಳಲೂ ಇಲ್ಲ.
ಗುರುವಾರ ಅವನದು.
ಬಂದ. ಬಾಗಿಲಲ್ಲಿ ಬೂಟು ಒರೆಸಿದ.
ಹೊರೆ ಇಳಿಸಿ ತುಂಡುಗಳನ್ನು ಜೋಡಿಸಿದ.
ಒಂದು ಉದ್ದವಾಯಿತು, ಒಲೆಗೆ ಹಿಡಿಯಲಿಲ್ಲ.
ಎಡುವಿನಾ ಮಾತಿಲ್ಲದೆ
ಗರಗಸ ಚಾಚಿದಳು.