ನೆತ್ತಿಯ ಮಣಿ

ಮಿರಿಯ ನಿಲ್ದಾಣದಲ್ಲಿ ಯಂತ್ರವನ್ನು ತೂಗಿದರು,
ಆಮೇಲೆ ನನ್ನನ್ನೂ.
ಬಾರಿಯೋ ಬೆಟ್ಟಕ್ಕೆ ಹಾರುವ ಪುಟ್ಟ ವಿಮಾನಕ್ಕೆ
ಪ್ರಯಾಣಿಕರೂ ಸಾಮಾನೇ.

ಉದ್ದಮನೆಯ ಒಲೆಯ ಪಕ್ಕ ಅಜ್ಜಿ
ತಲೆಯ ಮಣಿಟೋಪಿ ಕಳಚಿ
ಕೂಸನ್ನು ದಾಟಿಸುವ ಹಾಗೆ ಎರಡು ಕೈಯಲ್ಲಿ ಕೊಟ್ಟಳು:
"ನೋಡು. ನೆಲಕ್ಕೆ ಮಾತ್ರ ಇಡಬೇಡ."

ಮೊದಲು ಮಸೂರ.
ಗಾಜಿನೊಳಗೆ ಸಿಕ್ಕಿಬಿದ್ದ ಗುಳ್ಳೆಗಳು
ತೂತಿನ ಗುಂಟ ಉದ್ದಕ್ಕೆ ಮಲಗಿದ್ದರೆ
ಕೊಳವೆಯಾಗಿ ಎಳೆದು ತುಂಡರಿಸಿದ್ದು.
ತೂತಿಗೆ ಪ್ರದಕ್ಷಿಣೆ ಹಾಕುತ್ತಿದ್ದರೆ
ಕಂಬಿಗೆ ಸುತ್ತಿದ್ದು, ಒಂದೊಂದಾಗಿ,
ಯಾರದೋ ಮಣಿಕಟ್ಟು ತಿರುಗಿದಷ್ಟು ಸಲ.
ಎಂಟುನೂರು ವರ್ಷದಿಂದ ಯಾರೂ ಉಸಿರಾಡದ
ಒಂದು ಚಿಟಿಕೆ ಕುಲುಮೆಯ ಗಾಳಿ
ನನ್ನ ಕಣ್ಣಿನ ಕೆಳಗೆ.

ಆಮೇಲೆ ಯಂತ್ರ, ತುಪಾಕಿಯದೇ ಆಕಾರ;
ಮೊಮ್ಮಗ ಎರಡು ಹೆಜ್ಜೆ ಹಿಂದೆ ಸರಿದ.
ಸೀಸ, ಪೊಟ್ಯಾಷ್: ಚೀನದ ಕಡೆಯದಿರಬೇಕು.
ಸೋಡಾ, ಅಲ್ಯುಮಿನಾ ಜಾಸ್ತಿ: ಬಂಗಾಳ ಕೊಲ್ಲಿಯ ಆಚೆ ದಡದ ಮರಳೇನೋ.
ಆರ್ಸೆನಿಕ್ಕಿನ ಬಿಳಿ: ವೆನಿಸ್, ಮುತ್ತಜ್ಜಿಯ ಕಾಲದ್ದು.
ಎರಡು ಪ್ಲಾಸ್ಟಿಕ್.
ಅಜ್ಜಿ ನಕ್ಕಳು: "ಅದು ಇಲಿ ದಾರ ಕಡಿದ ವರ್ಷ."

ಅವಳ ಪರೀಕ್ಷೆಯೇ ಬೇರೆ. ಮಣಿಯನ್ನು
ಉಳಿದಿರುವ ಹಲ್ಲಿಗೆ ಉಜ್ಜಿ, ಕಣ್ಣು ಮುಚ್ಚಿ,
"ಇದು ಹಳತು. ತಣ್ಣಗಿದೆ."
ಹನ್ನೊಂದರಲ್ಲಿ ಒಂಬತ್ತು ಸಲ ಯಂತ್ರ ಅವಳನ್ನು ಒಪ್ಪಿತು.
ಇನ್ನೆರಡರಲ್ಲಿ ತಪ್ಪು ಯಾರದೆಂದು ನಾನು ಬರೆದಿಲ್ಲ.

ನಡುನೆತ್ತಿಯಲ್ಲಿ ಹಳದಿ ಮಿಶ್ರಿತ ಹಸಿರು, ಒಂದೇ ಒಂದು.
ಅದಕ್ಕೆ ಹೆಸರಿದೆ. ಹನ್ನೆರಡು ತಲೆಮಾರಿನ ಹಿಂದೆ
ಎಮ್ಮೆ ಕೊಟ್ಟು ತಂದದ್ದೆಂದು ಊರೆಲ್ಲ ಹೇಳುತ್ತದೆ.
ಬಾಗಿಲು ಮುಚ್ಚಿಸಿ ನೇರಳೆ ದೀಪ ಹಿಡಿದೆ.
ಉರಿದುಬಿಟ್ಟಿತು,
ಅಟ್ಟದ ಕತ್ತಲಲ್ಲಿ ಬೆಕ್ಕಿನ ಕಣ್ಣು.

ಯುರೇನಿಯಂ. ಬೊಹೀಮಿಯಾ ಇರಬೇಕು.
ಇನ್ನೂರು ವರ್ಷ ದಾಟದು.

ಒಂದು ಸಣ್ಣ ಸುಳ್ಳಿಗೆ ಬಾಯಿ ತೆರೆದಿದ್ದೆ.
"ಗೊತ್ತು," ಎಂದಳು.
"ಜಪಾನಿನವರಿದ್ದ ವರ್ಷ, ಅಣ್ಣನ ಜ್ವರದ ಗುಳಿಗೆಗೆ
ಅಮ್ಮ ಹಳೆಯದನ್ನು ಬಿಚ್ಚಿ ಕೊಟ್ಟಳು.
ಅಣ್ಣ ಉಳಿಯಲಿಲ್ಲ.
ನೆತ್ತಿ ಬರಿದಾಗಬಾರದೆಂದು ಇದನ್ನು ಕೂರಿಸಿ
ಅದೇ ಹೆಸರಿನಿಂದ ಕರೆದಳು. ಇದೂ ಓಗೊಟ್ಟಿತು.
ನಾನು ಹುಟ್ಟಿದಾಗ ಸುಪಾಂಗ್.
ಮಗ ಹುಟ್ಟಿದ ಮೇಲೆ ಸಿನಾ ರಾಬೆನ್.
ಮೊಮ್ಮಗ ಬಂದಾಗ ಊರಿಗೆಲ್ಲ ಊಟ ಹಾಕಿ
ಆ ಹೆಸರನ್ನೂ ಕಳಚಿಟ್ಟೆ.
ಹಿಡಿ ನೋಡೋಣ ನಿನ್ನ ತುಪಾಕಿ, ನನ್ನಲ್ಲಿ ಯಾರು ಕಾಣುತ್ತಾರೆ?"

ಮನುಷ್ಯರ ಮೇಲೆ ಹಿಡಿಯುವಂತಿಲ್ಲ,
ನಿಯಮ, ಎಂದೆ.
"ಪಾಪ, ಮಣಿಯ ಮೇಲೆ ಹಿಡಿದೆಯಲ್ಲ."

ಮೂಲ: ಬೊಹೀಮಿಯಾ, ಪ್ರಶ್ನಾರ್ಥಕ ಚಿಹ್ನೆ.
ಕಾಲ: ಹತ್ತೊಂಬತ್ತನೆಯ ಶತಮಾನ.
ಹೆಸರಿನ ಮುಂದೆ ಪೆನ್ಸಿಲ್ ತಡೆಯಿತು.
ಮೂರು ಸಲ ಹೇಳಿಸಿಕೊಂಡು ಬರೆದೆ.
ಕಾಗುಣಿತ ಸರಿಯೋ ತಪ್ಪೋ ತಿಳಿಯದು,
ಓದಲು ಅವಳಿಗೂ ಬಾರದು, ಯಂತ್ರಕ್ಕೂ.