ಸಿಪ್ಪೆಯ ಒಳಬದಿ

ಏಪ್ರಿಲ್ ಮೂರನೇ ವಾರ. ಕಲಬುರಗಿ. ಮಧ್ಯಾಹ್ನ ಎರಡು.
ಸೂಪರ್ ಮಾರ್ಕೆಟ್ಟಿನಲ್ಲಿ ನಾಯಿಗೂ ನೆರಳು ಸಾಲದು.
ನನ್ನ ಮೆಡಿಕಲ್ ಅಂಗಡಿಯೆದುರು
ಮೈನೊದ್ದೀನನ ಮೋಸಂಬಿ ಗಾಡಿ.
ಚಾಕು ಒಂದೇ ಉಸುರಿಗೆ ಹಣ್ಣಿನ ಸುತ್ತ ತಿರುಗಿ
ಹಸಿರು ಸಿಪ್ಪೆ, ಅದರ ಬೆನ್ನಿಗಂಟಿದ ಬಿಳಿ ತಿರುಳು
ಬುಟ್ಟಿಗೆ ಬೀಳುತ್ತದೆ. ಬುಟ್ಟಿ ತುಂಬಿದರೆ ಆಕಳಿಗೆ.

ಆಕಳೂ ಒಮ್ಮೊಮ್ಮೆ ಮೂಸಿ ಬಿಡುತ್ತದೆ.

ತಿಪ್ಪವ್ವ ಬಂದದ್ದು ಆಗ.
ಸೇಡಂ ಬಸ್ಸಿಳಿದು, ತಲೆತುಂಬ ಸೆರಗು,
ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾದ ಚೀಟಿ.
ಮೊಮ್ಮಗಳು ಫೋನಿನಲ್ಲಿ ನೋಡಿ ಬರೆದುಕೊಟ್ಟದ್ದು:
ಬ-ಯೋ-ಫ್ಲೇ-ವ-ನಾ-ಯ್ಡ್.
ಬಿಡಿಸಿ ಬಿಡಿಸಿ ಓದಿದೆ.
"ಇಷ್ಟುದ್ದ ಹೆಸರಿನ ಗುಳಿಗಿ
ನುಂಗಲಕ ಬರ್ತದೇನ್ರಿ?" ಅಂದಳು.

ಇತ್ತು. ಮೇಲಿನ ಸಾಲಿನಲ್ಲಿ, ಕಿತ್ತಳೆ ಬಣ್ಣದ ಡಬ್ಬಿ.
ಅರವತ್ತು ಗುಳಿಗೆ, ಆರುನೂರ ನಲವತ್ತು ರೂಪಾಯಿ,
ನನಗೆ ಉಳಿಯುವುದು ನೂರಾ ಮೂವತ್ತು.
ದೀಪಾವಳಿಯಿಂದ ಧೂಳು ಹೊದ್ದು ಕೂತ ಮಾಲು.
ಡಬ್ಬಿಯ ಹಿಂದೆ ಇರುವೆಯಂಥ ಅಕ್ಷರ:
ಮೋಸಂಬಿ ಜಾತಿಯ ಹಣ್ಣಿನ ಸಿಪ್ಪೆಯಿಂದ ತೆಗೆದ ಸತ್ವ.
"ಸಿಪ್ಪಿದಾ?"
ತಿರುಗಿ ಗಾಡಿಯ ಬುಟ್ಟಿ ನೋಡಿದಳು.
ಆಮೇಲೆ ನನ್ನನ್ನು.
ನಾನು ಸುಮ್ಮನೆ ಕ್ಯಾಲ್ಕುಲೇಟರ್ ಒರೆಸಿದೆ.

"ಎದಕ್ಕ ಬೇಕಾಗ್ಯದ ಅವ್ವಾ?"
ಸೆರಗು ಸರಿಸಿ ಮುಂಗೈ ಚಾಚಿದಳು.
ನೇರಳೆ ಹಣ್ಣು ಹಿಸುಕಿ ಒರೆಸಿದ ಹಾಗೆ
ಎಲ್ಲೂ ತಾಗಿಸಿಕೊಂಡ ನೆನಪಿಲ್ಲದ ನೀಲಿ.
"ನರ ಗಟ್ಟಿ ಮಾಡ್ತದಂತ, ಹುಡುಗಿ ಹೇಳ್ತು."

ಹಾಗನ್ನುತ್ತಾರೆ.
ಕೆಲವು ಪರೀಕ್ಷೆಗಳು ಹೌದೆನ್ನುತ್ತವೆ,
ಕೆಲವು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿವೆ.
ಡಬ್ಬಿಗೆ ಮಾತ್ರ ಯಾವ ಅನುಮಾನವೂ ಇಲ್ಲ.

"ಬ್ಯಾರೆ ಗುಳಿಗಿ ಏನರ ನಡ್ದಾವೇನು?"
ಸೊಂಟದಿಂದ ಸಂಚಿ, ಸಂಚಿಯಿಂದ ಅಡಿಕೆ ಚೂರು,
ಬಸ್ ಟಿಕೆಟ್ಟು, ಕೊನೆಗೆ ಅರ್ಧ ಖಾಲಿಯಾದ ಪಟ್ಟಿ.
ಹೃದಯದ ಕವಾಟ ಬದಲಿಸಿದಾಗಿನಿಂದ
ರಕ್ತ ತೆಳುವಾಗಿಡಲು ರಾತ್ರಿಗೊಂದು.

ನನ್ನ ಕೈ ಮೇಲಿನ ಸಾಲಿಗೆ ಹೋಗಿತ್ತು.
ಅಲ್ಲೇ ನಿಂತಿತು.

"ಇದು ಕೊಡಂಗಿಲ್ಲವ್ವಾ.
ಈ ನೀಲಿ ಸಿಪ್ಪಿ ಕೇಳಲಕತ್ತಿಲ್ಲ, ಡಾಕ್ಟರನ್ನ ಕೇಳಲಕತ್ತದ.
ಇವತ್ತೇ ರಕ್ತ ತೋರಸ್ರಿ."
"ಪುಂಡಿ ಪಲ್ಯ ಬಿಡಬೇಕೇನು ಮತ್ತ?"
ಅವಳಿಗೆ ಅದೊಂದೇ ಭಯ.
"ಬಿಡಬ್ಯಾಡ್ರಿ. ಒಂದು ವಾರ ಗಂಗಾಳ ತುಂಬ,
ಒಂದು ವಾರ ಉಪವಾಸ, ಹಂಗ ಮಾಡಬ್ಯಾಡ್ರಿ. ದಿನಾ ಎಷ್ಟೋ ಅಷ್ಟೇ."
ಮುಖ ತಿಳಿಯಾಯಿತು.
"ಬಿಸಲು ಏರಿದಂಗ ಅದರ ದಂಟು ಕೆಂಪಗಾಗ್ತದ,
ನೋಡೀರಿಲ್ಲೋ?" ಅಂದಳು ಆಟೋ ಹತ್ತುತ್ತ.

ನೋಡಿರಲಿಲ್ಲ. ಓದಿದ್ದೆ.
ಬಿ.ಫಾರ್ಮ ಎರಡನೇ ವರ್ಷ, ಬಾಯಿಪಾಠ:
ಗಿಡ ಈ ಬಣ್ಣವನ್ನು ಮಾಡಿಕೊಳ್ಳುವುದು ತನಗಾಗಿ.
ಬಿಸಿಲಿಗೆ, ಹುಳಕ್ಕೆ.
ಓಡಿಹೋಗಲು ಕಾಲಿಲ್ಲದ್ದಕ್ಕೆ ಅದೊಂದು ಛತ್ರಿ.
ಉಳ್ಳಾಗಡ್ಡಿಯ ಕೆಂಪು ಪರೆ, ನೇರಳೆಯ ಕಪ್ಪು,
ಮೋಸಂಬಿಯ ಈ ಕಹಿ ಹತ್ತಿ
ಯಾವುದಕ್ಕೂ ತಿಪ್ಪವ್ವನ ಮುಂಗೈಯ ಸುದ್ದಿ ಗೊತ್ತಿಲ್ಲ.
ನಾವೇ ಛತ್ರಿ ಕಸಿದುಕೊಂಡು ತಿನ್ನುತ್ತೇವೆ,
ತಿಂದು, ನಮಗೂ ನೆರಳಾದೀತೆಂದು ಕಾಯುತ್ತೇವೆ.
ಒಮ್ಮೊಮ್ಮೆ ಆಗುತ್ತದೆ ಕೂಡ.

ಸಂಜೆ ಷಟರ್ ಎಳೆವ ಹೊತ್ತಿಗೆ ಮೈನೊದ್ದೀನ್
ಉಳಿದ ಒಂದು ಹಣ್ಣು ಹಿಡಿದು ಬಂದ, ಚಾಕು ಎತ್ತಿದ.
"ಅಷ್ಟು ತೆಗೀಬ್ಯಾಡೋ, ಬಿಳೀದು ಇರಲಿ."
"ಕೈ ಇರ್ತದ ಸಾಬ್," ಅಂದ, ನಗುತ್ತ.

ಕೈಯೇ ಇತ್ತು.

ಫೋನ್ ಬಂತು. ಮೊಮ್ಮಗಳು.
ರಕ್ತ ಭಾಳ ತೆಳ್ಳಗಾಗಿತ್ತಂತ, ಗುಳಿಗಿ ಎರಡು ದಿನ ಬಂದ್,
ರಾತ್ರಿ ದವಾಖಾನಿಯಲ್ಲೇ ಇರಬೇಕಂತ.
ಸ್ವಲ್ಪ ಹೊತ್ತು ಉಸಿರಷ್ಟೇ ಕೇಳಿತು. ಆಮೇಲೆ, ಮೆಲ್ಲಗೆ:
"ಸರ್, ಆ ಡಬ್ಬಿ… ನಾ ತಗೋಬಹುದಾ?
ನನಗ ಹಲ್ಲಿನಾಗ ರಕ್ತ ಬರ್ತದ."

ಬಾಯಿತುಂಬ ನಾರು. ಬೇಗ ನುಂಗಲಾಗಲಿಲ್ಲ.
"ಮೊದಲು ಹಲ್ಲಿನ ಡಾಕ್ಟರಿಗೆ ತೋರಸವ್ವಾ," ಅಂದೆ.
"ಬರೂವಾಗ ಎದುರಿನ ಗಾಡಿಗೆ ಬಾ.
ಸಿಪ್ಪಿ ತೆಳ್ಳಗ ತೆಗೀ ಅಂತ ಹೇಳು."