ಗೆರೆ

ವರ್ಷಕ್ಕೊಂದು ಸಲ, ಡಿಸೆಂಬರ್ ಮುಗಿಯುವುದರೊಳಗೆ,
ನಾನು ಸತ್ತಿಲ್ಲವೆಂದು ರೀಗಾಕ್ಕೆ ಬರೆದು ತಿಳಿಸಬೇಕು.
ನಾನೇ ಹೇಳಿದರೆ ನಡೆಯುವುದಿಲ್ಲ.
ಸಾಕ್ಷಿ ಬೇಕು, ಸೀಲು ಬೇಕು.
ಐರ್ಲೆಂಡಿನ ಈ ಮೊನಹನ್ ಊರಲ್ಲಿ ಸೀಲು ಇರುವುದು
ಫೆರ್ಗಲ್ ಮೆಕಾರ್ಡಲ್ ಹತ್ತಿರ.
ಮೊಳೆ, ಬಣ್ಣ, ಕೋಳಿಬಲೆ ಮಾರುವವನು,
ಸರ್ಕಾರದ ಲೆಕ್ಕದಲ್ಲಿ ಶಾಂತಿ ಕಮಿಷನರ್.
ಶಾಂತಿ ಎಷ್ಟಿದೆಯೋ,
ಮಸಿಪೆಟ್ಟಿಗೆ ಮಾತ್ರ ಯಾವಾಗಲೂ ಒಣಗಿರುತ್ತದೆ.

ಕನ್ನಡಕದ ಮೇಲಿಂದ ನೋಡಿ ಕೇಳುತ್ತಾನೆ:
"ಹೇಗಿದ್ದೀರಿ?"
"ಇದ್ದೇನೆ."
"ಅಷ್ಟು ಸಾಕು" ಎಂದು ರುಜು ಹಾಕುತ್ತಾನೆ.

ಮೂವತ್ತೊಂದು ವರ್ಷ ಲಿಯೆಪಾಯದ ಸಕ್ಕರೆ ಕಾರ್ಖಾನೆಯಲ್ಲಿ
ತಕ್ಕಡಿಯ ಪಕ್ಕ ನಿಂತವಳು ನಾನು.
ಬೀಟ್ ಗೆಡ್ಡೆ ತುಂಬಿದ ಲಾರಿ ಬರುತ್ತಿತ್ತು.
ಮೊದಲು ಎಲ್ಲದರ ತೂಕ,
ಆಮೇಲೆ ಅಂಟಿದ ಮಣ್ಣಿನ ತೂಕ ಕಳೆಯಬೇಕು.
ಪೆನ್ಷನ್ನೂ ಹಾಗೆಯೇ,
ಮಣ್ಣು ಕಳೆದು ಉಳಿದದ್ದು:
ಮುನ್ನೂರ ಹನ್ನೆರಡು ಯೂರೋ, ನಲವತ್ತು ಸೆಂಟು.
ಮೊದಲು ರೂಬಲ್ ಎಣಿಸಿದೆ, ಆಮೇಲೆ ಲಾತ್ಸ್, ಈಗ ಇದು.
ನಾನು ಕೂತಲ್ಲೇ ಕೂತಿದ್ದೆ,
ನೋಟುಗಳೇ ಒಂದೊಂದಾಗಿ ದೇಶ ಬಿಟ್ಟವು.
ಕೊನೆಗೆ ಕಾರ್ಖಾನೆಯೂ ಗುಜರಿಗೆ ಹೋಯಿತು,
ಮಗಳು ದಾತ್ಸೆ ಇಲ್ಲಿ ಅಣಬೆ ಕೀಳಲು ಬಂದಳು,
ಅವಳ ಹುಡುಗನನ್ನು ನೋಡಿಕೊಳ್ಳಲು ನಾನು.

ಹೋದ ಜನವರಿ ದುಡ್ಡು ಬರಲಿಲ್ಲ.
ಫೆಬ್ರವರಿಯಲ್ಲೂ ಇಲ್ಲ.
ದಾತ್ಸೆ ರೀಗಾಕ್ಕೆ ಫೋನು ಹಚ್ಚಿ, ಅವರ ಸಂಗೀತ ಕೇಳುತ್ತ,
ಒಂದು ಬುಟ್ಟಿ ಬಟ್ಟೆ ಮಡಚಿ ಮುಗಿಸಿದಳು.
ಕೊನೆಗೆ ಕಾಗದ ಬಂತು:
ಅರ್ಜಿಯಲ್ಲಿ ಬದುಕಿರುವಾಕೆ ಸ್ಕೈದ್ರಿತೆ ವಿತೊಲಾ,
ನಮ್ಮ ಕಡತದಲ್ಲಿರುವಾಕೆ ಸ್ಕೈದ್ರೀತೆ ವೀತೊಲಾ.

ನಮ್ಮಲ್ಲಿ ಅಕ್ಷರದ ತಲೆ ಮೇಲೆ ಗೆರೆ ಎಳೆದರೆ ದೀರ್ಘ.
ಫೆರ್ಗಲ್ ಅದನ್ನು ನೊಣದ ಹಿಕ್ಕೆ ಅಂದುಕೊಂಡನಂತೆ.
ದೀರ್ಘ ಹೋಯಿತು,
ಅದರ ಬೆನ್ನಿಗೇ ಆಯುಸ್ಸೂ.

ಎರಡು ತಿಂಗಳು ಸತ್ತು ನೋಡಿದೆ.
ಅಂಥಾ ವ್ಯತ್ಯಾಸವೇನಿಲ್ಲ.
ಆಲೂಗಡ್ಡೆ ಬೇಯುತ್ತದೆ, ಮಂಡಿ ನೋಯುತ್ತದೆ.
"ಅಜ್ಜೀ, ಸತ್ತವರು ಪಾತ್ರೆ ತೊಳೆಯಬೇಕಾಗಿಲ್ಲ"
ಎಂದ ರಿಹಾರ್ಡ್ಸ್, ಇಲ್ಲಿಯವರ ರಾಗದಲ್ಲಿ.
ತಾನೂ ತೊಳೆಯಲಿಲ್ಲ.

ನನ್ನ ಊಟ ದಾತ್ಸೆಯದು, ಸೂರು ದಾತ್ಸೆಯದು.
ಆ ದುಡ್ಡಿನಿಂದ ನಲವತ್ತು ಯೂರೋ
ತಿಂಗಳು ತಿಂಗಳು ಲಿಯೆಪಾಯಕ್ಕೇ ವಾಪಸ್ಸು ಹೋಗುತ್ತದೆ,
ಆರ್ವಿಡ್ಸ್‌ನ ಸಮಾಧಿ ನೋಡಿಕೊಳ್ಳುವ ಮಾಲ್ವೀನೆಗೆ.
ಚಳಿಗಾಲದಲ್ಲಿ ಹಿಮ ಗುಡಿಸುತ್ತಾಳೆ.
ಹಿಮ ಕರಗಿದ ಮೇಲೆ ಬಿಳಿ ಮರಳು ಹರಡಿ,
ಹಲುಬೆಯಿಂದ ಗೆರೆ ಗೀರುತ್ತ
ಹಿಂದು ಹಿಂದಕ್ಕೆ ನಡೆದು ಹೊರಗೆ ಬರುತ್ತಾಳೆ.
ಗೀರಿದವಳ ಹೆಜ್ಜೆ
ಮರಳಲ್ಲಿ ಉಳಿಯಬಾರದು.

ಎರಡು ತಿಂಗಳ ಬಾಕಿ.
ನಾಚಿಕೆಯಿಂದ ಫೋನು ಮಾಡಿದೆ.
ಆ ಕಡೆ ತುಂಬ ಹೊತ್ತು ಮೌನ.
ಆಮೇಲೆ ಮಾಲ್ವೀನೆ ಅಂದಳು:
"ದುಡ್ಡು ಬರಲಿಲ್ಲ, ಹೋದೆ ಅಂತಲೇ ಅಂದುಕೊಂಡೆ ಕಣೇ.
ಅವನ ಪಕ್ಕದಲ್ಲಿ ನಿನಗೂ ಒಂದು ಮೇಣದಬತ್ತಿ ಹಚ್ಚಿದೆ.
ಗಾಜಿನ ಕುಡಿಕೆಯದು, ಮೂರು ದಿನ ಉರಿಯಿತು."
ಏನು ಹೇಳಬೇಕೋ ತಿಳಿಯಲಿಲ್ಲ.
"ಎಷ್ಟಾಯಿತು?" ಎಂದೆ.
"ಎರಡು ಮೂವತ್ತು."

ಮಾರ್ಚಿಯಲ್ಲಿ ಬಾಕಿಯೆಲ್ಲ ಒಟ್ಟಿಗೆ ಬಂತು.
ನೂರಿಪ್ಪತ್ತೆರಡು ಯೂರೋ ಮೂವತ್ತು ಸೆಂಟು ಕಳಿಸಿದೆ,
ಮೂರು ತಿಂಗಳದ್ದು, ಬತ್ತಿಯದ್ದು.

ಈ ಸಲ ಫೆರ್ಗಲ್ ಅಂಗಡಿಯಿಂದಲೇ ಹೊಸ ಅಡಿಪಟ್ಟಿ ತಂದು,
ನಾಲಿಗೆ ಕಚ್ಚಿಕೊಂಡು,
ಹೆಸರಿನ ತಲೆ ಮೇಲೆ ಗೆರೆ ಎಳೆದ.
ಕೈ ಜಾರಿ ಪಕ್ಕದ ಅಕ್ಷರವನ್ನೂ ದಾಟಿತು.
ಬೇರೆ ಅರ್ಜಿ ತೆಗೆಯಲು ಹೋದವನಿಗೆ
ಇರಲಿ ಬಿಡಿ ಅಂದೆ.